ಮಾವ ಇಲ್ಲ, ಮಾವನ ನಂಬರ್ ಇನ್ನೂ ಮನೆ ನಡೆಸುತ್ತಿದೆ

ಓದುಗರ ಪ್ರಶ್ನೆ

ನಾವು ರಬಕವಿ-ಬನಹಟ್ಟಿಯವರು. ಮನೆಯಲ್ಲಿ ಮಗ್ಗ ಇವೆ, ಸೀರೆ ನೇಯ್ಗೆಯೇ ಉದ್ಯೋಗ. ಅತ್ತೆ, ಭಾವ, ನೆಗೆಣ್ಣಿ, ಯಜಮಾನರು, ನಾನು, 15, 12 ಮತ್ತು 9 ವರ್ಷದ ಮೂರು ಮಕ್ಕಳು, ಹೀಗೆ ಎಂಟು ಮಂದಿ ಒಂದೇ ಮನೆಯಲ್ಲಿದ್ದೇವೆ. ಮೈದುನ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಮಾವ ಹೋದ ವರ್ಷ ತೀರಿಕೊಂಡರು. ಅವರ ಮೊದಲ ಸ್ಮಾರ್ಟ್‌ಫೋನಿಗೆ ಅಂಗಡಿಯವರು ಮಾಡಿಕೊಟ್ಟ ಜಿಮೇಲ್ ಖಾತೆಯನ್ನೇ ಆಮೇಲೆ ತಂದ ಮೂರೂ ಫೋನಿಗೆ ಹಾಕಿದೆವು. ಈಗ ‘ಜಾಗ ತುಂಬಿದೆ’ ಎಂದು ನಾಲ್ಕರಲ್ಲೂ ಬರುತ್ತದೆ. ಮೂರು ವಾರದ ಹಿಂದೆ ಭಾವನ ಮಗ ಗೇಮ್ ಹಾಕಿಕೊಳ್ಳಲು ತನ್ನ ಫೋನಿನ ಫೋಟೋ ಅಳಿಸಿದ. ಮಾವನ ಕೊನೆಯ ಯುಗಾದಿಯ ಫೋಟೋಗಳು ಎಲ್ಲ ಫೋನಿನಿಂದಲೂ ಹೋದವು.

ಮಾವನ ಫೋನು ಪಡಸಾಲೆಯ ಮಾಡದಲ್ಲಿ ಸದಾ ಚಾರ್ಜಿಗೆ ಹಚ್ಚಿಯೇ ಇರುತ್ತದೆ. ವ್ಯಾಪಾರಿಗಳ ವಾಟ್ಸಾಪ್, ಗ್ಯಾಸ್ ಬುಕಿಂಗ್, ಅತ್ತೆಯ ಗೃಹಲಕ್ಷ್ಮಿ ಮೆಸೇಜು, ಐದು ಮಂದಿಯ ಆಧಾರ್ ಒಟಿಪಿ, ಎಲ್ಲ ಅದಕ್ಕೇ. ಅವರ ಬ್ಯಾಂಕ್ ಖಾತೆಯ ಯುಪಿಐ ಪಿನ್ ಮನೆಮಂದಿಗೆಲ್ಲ ಗೊತ್ತು. ಸಂತೆಯ ರೊಕ್ಕ ಈಗಲೂ ಅದರಿಂದಲೇ ಕೊಡುತ್ತೇವೆ. ಮೈದುನ ಪುಣೆಯಲ್ಲಿ ಸಿನಿಮಾ ಆ್ಯಪ್ ತೆರೆದರೆ ‘ನೀವು ಈ ಮನೆಯವರಲ್ಲ’ ಅನ್ನುತ್ತದೆ. ಒಂದೇ ನಂಬರಿಗೆ ಹಲವು ಆಧಾರ್ ಇದ್ದರೆ ಕೇಸಾಗುತ್ತದೆ ಎಂದು ನೆರೆಯವರು ಹೆದರಿಸಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಮಾಡೋಣ ಎಂದರೆ ಅತ್ತೆ, ‘ಬ್ಯಾರೆ ಬ್ಯಾರೆ ಮಾಡಾಕ ನಾವೇನ ಪಾಲಾಗಾಕತ್ತೇವೇನ?’ ಎಂದು ಸಿಟ್ಟಾಗುತ್ತಾರೆ. ತಪ್ಪು ನಮ್ಮದೋ ಫೋನಿನದೋ?

ಇನ್ನೊಂದು ಮಾತು. ಮಾವ ಮೈದುನನಿಗೆ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳನ್ನು ಅತ್ತೆ ರಾತ್ರಿ ಹಾಕಿಸಿಕೊಂಡು ಕೇಳುತ್ತಾರೆ. ಏನು ಬದಲಿಸಿದರೂ ಅವು ಹೋಗಬಾರದು.

(ಹೆಸರು ಬೇಡ ಎಂದಿದ್ದಾರೆ, ಬಾಗಲಕೋಟೆ ಜಿಲ್ಲೆ)

ಉತ್ತರ

ಮೊದಲು ಒಂದು ಕೆಲಸ ಮಾಡಿ ಬನ್ನಿ. ಓದುವುದನ್ನು ಇಲ್ಲಿಗೇ ಬಿಟ್ಟು ನಾಲ್ಕರಲ್ಲಿ ಯಾವುದಾದರೂ ಒಂದು ಫೋನಿನಲ್ಲಿ ಗೂಗಲ್ ಫೋಟೋಸ್ ತೆರೆಯಿರಿ, ಅದರಲ್ಲಿ ‘ಬಿನ್’ ಎಂಬುದನ್ನು ಹುಡುಕಿ. ಗೂಗಲ್‌ಗೆ ಬ್ಯಾಕಪ್ ಆಗಿದ್ದ ಫೋಟೋ ಅಳಿಸಿದರೆ ಅದು 60 ದಿನ ಆ ಬುಟ್ಟಿಯಲ್ಲಿ ಇರುತ್ತದೆ. ನಿಮ್ಮದು ಮೂರು ವಾರದ ಕಥೆ. ಜಾಗ ಸಾಲದೆಂದು ಯಾರೂ ಬಿನ್ ಖಾಲಿ ಮಾಡಿರದಿದ್ದರೆ ಯುಗಾದಿಯ ಫೋಟೋಗಳು ಅಲ್ಲೇ ಇರಬೇಕು. ಆರಿಸಿ ‘ರಿಸ್ಟೋರ್’ ಒತ್ತಿ. ಮಾವನ ಫೋನಿನ ಗ್ಯಾಲರಿಯನ್ನೂ ಒಮ್ಮೆ ನೋಡಿ. ಆ ಕ್ಯಾಮೆರಾದಲ್ಲೇ ತೆಗೆದದ್ದಾದರೆ ಮೂಲ ಪ್ರತಿ ಕೆಲವೊಮ್ಮೆ ಅಲ್ಲಿ ಉಳಿದಿರುತ್ತದೆ. ಸಿಕ್ಕಿದ್ದನ್ನು ಅದೇ ದಿನ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹುಡುಗನನ್ನು ಬೈಯಬೇಡಿ. ಅವನು ಅಳಿಸಿದ್ದು ತನ್ನ ಫೋನಿನಿಂದ ಎಂದುಕೊಂಡೇ. ಖಾತೆ ಒಂದೇ ಆದ್ದರಿಂದ ಗೂಗಲ್ ಲೆಕ್ಕದಲ್ಲಿ ಅಳಿಸಿದವರು ನಿಮ್ಮ ಮಾವ.

ಆಯಿತೇ? ಇನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರದಲ್ಲಿ ಆರೇಳು ತೊಂದರೆ ಇದ್ದಂತೆ ಕಾಣುತ್ತದೆ. ನನಗೆ ಕಂಡದ್ದು ಎರಡು. ಒಂದು, ಎಂಟು ಮಂದಿಯ ಬದುಕು ಒಬ್ಬರ ಹೆಸರಿನ ಖಾತೆಯ ಮೇಲೆ ನಿಂತಿದೆ. ಎರಡು, ಆ ಒಬ್ಬರು ಈಗ ಇಲ್ಲ. ಬೆಳಗಾವಿಯಲ್ಲಿ ಬ್ಯಾಂಕಿನ ತಾಂತ್ರಿಕ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೂತು, ಈಗ ಮನೆ ಮತ್ತು ಸಣ್ಣ ಅಂಗಡಿಗಳಿಗೆ ಇದೇ ವಿಷಯದಲ್ಲಿ ಸಲಹೆ ಕೊಡುವವನಾಗಿ ಹೇಳುತ್ತೇನೆ, ಅಥಣಿ, ಜಮಖಂಡಿ, ಸಿಂದಗಿ ಎಲ್ಲಿಗೆ ಹೋದರೂ ಇದೇ ಚಿತ್ರ. ಮನೆಯ ಹಿರಿಯರ ನಂಬರೇ ಮನೆಯ ನಂಬರು. ಹಿರಿಯರು ಹೋದ ಮೇಲೂ ಮಗ ತಿಂಗಳು ತಿಂಗಳು ರೀಚಾರ್ಜ್ ಹಾಕಿಸುತ್ತಾನೆ. ಅರ್ಧ ಅಕ್ಕರೆಯಿಂದ, ಅರ್ಧ ಹೆದರಿಕೆಯಿಂದ.

ತಪ್ಪು ಯಾರದು ಎಂದು ಕೇಳಿದ್ದೀರಿ. ನನ್ನ ತೀರ್ಪು: ಮುಕ್ಕಾಲು ಪಾಲು ಫೋನಿನದು. ಈ ಸೇವೆಗಳನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಒಬ್ಬ ಮನುಷ್ಯ, ಅವನದೊಂದು ಫೋನು, ಅವನದೊಂದು ನಂಬರು. ಒಂದು ಫೋನಿನಲ್ಲಿ ಹಲವರು ತಮ್ಮ ತಮ್ಮ ಜಾಗ ಮಾಡಿಕೊಳ್ಳುವ ಏರ್ಪಾಡು ಆಂಡ್ರಾಯ್ಡ್ ಫೋನುಗಳಿಗೆ 2014ರಲ್ಲೇ ಬಂತು. ಆದರೆ ಬಹಳಷ್ಟು ಅಗ್ಗದ ಫೋನುಗಳಲ್ಲಿ ತಯಾರಕರು ಅದನ್ನು ತೆಗೆದುಬಿಟ್ಟಿರುತ್ತಾರೆ. ನಾಲ್ಕು ಮಂದಿ ಕೈಗೆ ಹೋಗುವುದು ಅಗ್ಗದ ಫೋನೇ ಅಲ್ಲವೇ! ಬೇಕಾದವರಿಗೆ ಇಲ್ಲ, ಬೇಡದವರಿಗೆ ಇದೆ.

ಆಮೇಲೆ ಇವರೇ ‘ಫ್ಯಾಮಿಲಿ’ ಎಂಬ ಪ್ಲಾನ್ ತಂದರು. ಅದರ ಅಳತೆ ನೋಡಿ. ಗೂಗಲ್ ಕುಟುಂಬದಲ್ಲಿ ಯಜಮಾನ ಸೇರಿ 6 ಮಂದಿ, ಎಲ್ಲರೂ ಒಂದೇ ದೇಶದಲ್ಲಿರಬೇಕು. ಆ್ಯಪಲ್‌ನದೂ ಆರೇ. ಯೂಟ್ಯೂಬ್ ಪ್ರೀಮಿಯಂಗೆ ಆರು ಮಂದಿಯೂ ಒಂದೇ ವಿಳಾಸದಲ್ಲಿರಬೇಕು. ನೆಟ್‌ಫ್ಲಿಕ್ಸ್‌ಗೆ ಕುಟುಂಬವೆಂದರೆ ಮನೆಯ ಟಿವಿ ಯಾವ ಇಂಟರ್ನೆಟ್‌ಗೆ ಹಚ್ಚಿದೆಯೋ ಅದೇ ಇಂಟರ್ನೆಟ್ ಬಳಸುವವರು. ಸರ್ಕಾರವೂ ಹಿಂದೆ ಬಿದ್ದಿಲ್ಲ. ಪಿಎಂ ಕಿಸಾನ್ ಯೋಜನೆಗೆ ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು, ಮುಗಿಯಿತು. ರೈಲ್ವೆಯವರು ಖಚಿತವಾದ ಟಿಕೆಟ್ ಅನ್ನು ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿಯ ಹೆಸರಿಗೆ ಬದಲಿಸಿಕೊಡುತ್ತಾರೆ. ಅತ್ತೆ-ಸೊಸೆ ಆ ಪಟ್ಟಿಯಲ್ಲಿಲ್ಲ. ನಿಮ್ಮ ಅತ್ತೆಯ ಪರ ಇರುವವರು ಜನಗಣತಿಯವರು ಮಾತ್ರ. ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯ ಊಟ ಮಾಡುವವರೆಲ್ಲ ಒಂದು ಮನೆತನ ಎಂಬುದು ಅವರ ವ್ಯಾಖ್ಯೆ. ಒಲೆಯ ಲೆಕ್ಕ. ಸಿಲಿಕಾನ್ ಕಣಿವೆಗೆ ಒಲೆಯ ಲೆಕ್ಕ ಗೊತ್ತಿಲ್ಲ.

ಉಳಿದ ಕಾಲು ಪಾಲು ತಪ್ಪು ನಮ್ಮದು. ಅದನ್ನು ಅತ್ತೆಗೆ ಹೀಗೆ ಹೇಳಿ ನೋಡಿ. ಕೂಡು ಮನೆಯಲ್ಲಿ ಕಾಳು ತುಂಬಿಡುವ ಹಗೇವು ಒಂದೇ ಇರುತ್ತಿತ್ತು, ಜೋಳ ಎಲ್ಲರದೂ. ಆದರೂ ಪ್ರತಿ ಸೊಸೆಗೆ ತವರಿನಿಂದ ತಂದ ಟ್ರಂಕು ಇರುತ್ತಿತ್ತು, ಅದಕ್ಕೊಂದು ಕೀಲಿ ಇರುತ್ತಿತ್ತು. ಟ್ರಂಕಿಗೆ ಕೀಲಿ ಹಾಕಿದ್ದಕ್ಕೆ ಯಾರ ಮನೆಯೂ ಪಾಲಾಗಲಿಲ್ಲ. ಮೊಬೈಲಿನಲ್ಲಿ ನಾವು ಮಾಡಿಕೊಂಡದ್ದು ಏನೆಂದರೆ, ಹಗೇವು, ಟ್ರಂಕು, ತಿಜೋರಿ ಮೂರನ್ನೂ ಒಂದೇ ಖೋಲಿಯಲ್ಲಿಟ್ಟು ಒಂದೇ ಕೀಲಿ ಹಾಕಿ, ಆ ಕೀಲಿಯನ್ನು ಮಾಡದಲ್ಲಿಟ್ಟೆವು.

ಒಂದು ಜಿಮೇಲ್, ನಾಲ್ಕು ಫೋನು ಎಂದರೆ ಒಳಗೆ ಏನಾಗುತ್ತದೆ ಎಂಬುದನ್ನು ತುಸು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂಗಡಿಯವರು ಇದನ್ನು ಯಾರಿಗೂ ಹೇಳುವುದಿಲ್ಲ. ಗೂಗಲ್ ಪ್ರತಿ ಖಾತೆಗೆ 15 ಜಿಬಿ ಜಾಗ ಪುಕ್ಕಟೆ ಕೊಡುತ್ತದೆ. ಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ ಅಷ್ಟೇ. 2021ರ ಜೂನ್‌ವರೆಗೆ ಸಾಧಾರಣ ಗುಣಮಟ್ಟದ ಫೋಟೋಗಳಿಗೆ ಲೆಕ್ಕವಿರಲಿಲ್ಲ, ಆಮೇಲೆ ಶುರುವಾಯಿತು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್‌ಗೂ ಮೊದಲು ಲೆಕ್ಕವಿರಲಿಲ್ಲ, ಈಗ ಅದೂ ಈ 15ರಲ್ಲೇ ಬರುತ್ತದೆ. ನಾಲ್ಕು ಫೋನಿನ ಫೋಟೋ, ನಾಲ್ಕು ವಾಟ್ಸಾಪಿನ ಗುಡ್ ಮಾರ್ನಿಂಗ್ ಹೂಗಳು, ಸೀರೆಯ ಡಿಸೈನುಗಳು ಎಲ್ಲ ಒಂದೇ ಚೀಲಕ್ಕೆ ಬಿದ್ದರೆ ತುಂಬದೆ ಇನ್ನೇನು? ತುಂಬಿದ ಮೇಲೆ ಹೊಸ ಫೋಟೋ ಬ್ಯಾಕಪ್ ಆಗುವುದಿಲ್ಲ, ಮೇಲ್ ಬರುವುದೂ ನಿಲ್ಲುತ್ತದೆ.

ಜಾಗದ ಮಾತು ಅಷ್ಟೇನೂ ದೊಡ್ಡದಲ್ಲ. ಒಂದೇ ಖಾತೆ ಇದ್ದರೆ ಒಬ್ಬರು ಸೇರಿಸಿದ ನಂಬರು ಎಲ್ಲರ ಫೋನಿಗೆ ಬರುತ್ತದೆ. ಒಬ್ಬರು ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲರಿಗೂ ಸಿಗುತ್ತದೆ. ಫೋನ್ ಹುಡುಕುವ ಸೌಲಭ್ಯದಿಂದ ಒಂದು ಫೋನಿನಲ್ಲಿ ಕೂತು ಇನ್ನೊಂದು ಎಲ್ಲಿದೆ ಎಂದು ನೋಡಬಹುದು, ಪೂರ್ತಿ ಅಳಿಸಿಯೂ ಬಿಡಬಹುದು. ಯೂಟ್ಯೂಬಿನಲ್ಲಿ ಒಬ್ಬರು ಹುಡುಕಿದ್ದು ಇನ್ನೊಬ್ಬರ ಮುಂದೆ ಬಂದು ಕೂರುತ್ತದೆ. ವಿಜಯಪುರದ ಒಂದು ಮನೆಯಲ್ಲಿ ಸೊಸೆ ತನ್ನ ಗರ್ಭಕೋಶದ ತೊಂದರೆಯ ಬಗ್ಗೆ ಯಾರಿಗೂ ಹೇಳದೆ ಫೋನಿನಲ್ಲಿ ಹುಡುಕಿದ್ದಳು. ಸಂಜೆ ಮಾವ, ಭಾವ, ಬೀಗರು ಕೂತಿದ್ದಾಗ ಪಡಸಾಲೆಯ ಟಿವಿಯಲ್ಲಿ ಅದೇ ವಿಡಿಯೋಗಳ ಸಾಲು. ಆಕೆ ನನ್ನಲ್ಲಿ ಬಂದದ್ದು ಟಿವಿ ಸರಿ ಮಾಡಿಸಲು. ಟಿವಿ ಸರಿಯಾಗಿಯೇ ಇತ್ತು. ಕೂಡು ಮನೆಯಲ್ಲಿ ಗುಟ್ಟು ಇರಬಾರದು ಅನ್ನುವವರು ಹೆಣ್ಣುಮಕ್ಕಳ ಪಾಡು ಯೋಚಿಸಿರುವುದಿಲ್ಲ.

ಹಾಗಾಗಿ ಫೋನಿಗೊಂದು ಅಲ್ಲ, ಮನುಷ್ಯರಿಗೊಂದು ಖಾತೆ ಮಾಡಿ. ರೊಕ್ಕ ಬೇಕಿಲ್ಲ, ಹತ್ತು ನಿಮಿಷದ ಕೆಲಸ. ಮಾವನ ಖಾತೆಯನ್ನು ಅಳಿಸಬೇಡಿ, ಹಾಗೇ ಬಿಟ್ಟು ಮರೆಯಲೂಬೇಡಿ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ‘ಗೂಗಲ್ ಟೇಕ್‌ಔಟ್’ ಎಂಬ ಸೌಲಭ್ಯದಿಂದ ಅದರಲ್ಲಿರುವುದನ್ನೆಲ್ಲ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ, ಆಮೇಲೆ ಒಂದೊಂದೇ ಫೋನಿನಿಂದ ಆ ಖಾತೆ ತೆಗೆಯಿರಿ. ತೆಗೆಯುವ ಮೊದಲು ಆಯಾ ಫೋನಿನ ಕಾಂಟ್ಯಾಕ್ಟ್‌ಗಳು ಹೊಸ ಖಾತೆಗೆ ಬಂದವೇ ಎಂದು ನೋಡಿ, ಇಲ್ಲವಾದರೆ ವ್ಯಾಪಾರಿಗಳ ನಂಬರೆಲ್ಲ ಹೋಗುತ್ತವೆ. ಈ ಹಂತದಲ್ಲೇ ಹೆಚ್ಚು ಮಂದಿ ಎಡವುವುದು.

ಜಾಗ ಹಂಚಿಕೊಳ್ಳಬೇಕೆಂದರೆ ಗೂಗಲ್ ಒನ್, ಅಂದರೆ ಹೆಚ್ಚಿನ ಜಾಗದ ಚಂದಾವನ್ನು ಒಬ್ಬರು ಕಟ್ಟಿ ಐದು ಮಂದಿಗೆ ಹಂಚಬಹುದು. ಜಾಗ ಒಂದೇ, ಒಳಗಿನ ಸಾಮಾನು ಅವರವರದೇ. ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಲ್ಲರಿಗೂ ಬೇಕಾದ ಫೋಟೋಗಳಿಗೆ, ಅಂದರೆ ಮಾವನವು, ಮದುವೆಯವು, ಜಾತ್ರೆಯವು, ಒಂದು ಹಂಚಿದ ಆಲ್ಬಮ್ ಮಾಡಿ ಎಲ್ಲರನ್ನೂ ಸೇರಿಸಿ. ಹಗೇವು ಅಂದರೆ ಇದೇ. ತೊಡಕು ಒಂದೇ: ಗೂಗಲ್ ಕುಟುಂಬಕ್ಕೆ ಆರು ಮಂದಿ ಮಿತಿ, ನೀವು ಮೈದುನನನ್ನು ಸೇರಿಸಿ ಒಂಬತ್ತು. ನಿಮ್ಮ ಯಜಮಾನರದೊಂದು, ಭಾವನದೊಂದು ಎಂದು ಎರಡು ಗುಂಪು ಮಾಡಬೇಕಾಗಬಹುದು. ಅತ್ತೆಯ ಮುಂದೆ ಅದನ್ನು ಬಾಯಿ ಬಿಡಬೇಡಿ! ಒಮ್ಮೆ ಸೇರಿ ಬಿಟ್ಟ ಮೇಲೆ 12 ತಿಂಗಳಿಗೊಮ್ಮೆ ಮಾತ್ರ ಬೇರೆ ಗುಂಪಿಗೆ ಹೋಗಲು ಬರುತ್ತದೆ, ಆದ್ದರಿಂದ ಮೊದಲೇ ಯೋಚಿಸಿ ಕೂಡಿಸಿ.

ಇನ್ನು ನಂಬರಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ಇದು.

ನೆರೆಯವರು ಹೆದರಿಸಿದ್ದು ಸುಳ್ಳು. ಒಂದು ಮೊಬೈಲ್ ನಂಬರಿಗೆ ಇಷ್ಟೇ ಆಧಾರ್ ಎಂಬ ಮಿತಿಯನ್ನು ಆಧಾರ್ ಪ್ರಾಧಿಕಾರ ಹಾಕಿಲ್ಲ. ಅವರದೇ ಆ್ಯಪ್‌ನಲ್ಲಿ ಒಂದೇ ನಂಬರಿಗೆ ಜೋಡಿಸಿದ 5 ಮಂದಿಯ ಆಧಾರ್ ಇಟ್ಟುಕೊಳ್ಳಲು ಬರುತ್ತದೆ. ಕೇಸು ಗೀಸು ಏನಿಲ್ಲ. ಗೃಹಲಕ್ಷ್ಮಿಯ ಮೆಸೇಜು ಮಾವನ ಫೋನಿಗೆ ಬಂದರೆ ರೊಕ್ಕವೂ ಮಾವನ ಖಾತೆಗೆ ಹೋಯಿತು ಎಂದು ನಮ್ಮ ಕಡೆ ಬಹಳ ಮಂದಿ ಗಾಬರಿಯಾಗುತ್ತಾರೆ. ಅದೂ ಹಾಗಲ್ಲ. ತಿಂಗಳ 2,000 ರೂಪಾಯಿ ಹೋಗುವುದು ಅತ್ತೆಯ ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೆ. ಮೆಸೇಜು ಹೋಗುವುದು ಆ ಬ್ಯಾಂಕಿನಲ್ಲಿ ಬರೆಸಿದ ನಂಬರಿಗೆ. ‘ನಂಬರ್ ಲಿಂಕ್ ಆಗಿದೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಮೂರು ಕೆಲಸ ಇವೆ: ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸುವುದು, ಬ್ಯಾಂಕಿಗೆ ಮೊಬೈಲ್ ನಂಬರ್ ಕೊಡುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು. ಒಂದನ್ನು ಮಾಡಿಸಿದರೆ ಇನ್ನೆರಡು ತಾನಾಗಿ ಆಗುವುದಿಲ್ಲ.

ಕೇಸಿಲ್ಲ ಅಂದರೆ ಅಪಾಯವಿಲ್ಲ ಎಂದಲ್ಲ. ಯುಪಿಐ ಶುರು ಮಾಡಲು ಬ್ಯಾಂಕಿನಲ್ಲಿ ಬರೆಸಿದ ನಂಬರಿನ ಸಿಮ್ ಆ ಫೋನಿನಲ್ಲೇ ಇರಬೇಕು. ಪಿನ್ ಇಡಲು ಡೆಬಿಟ್ ಕಾರ್ಡಿನ ಅಂಕಿಗಳು, ಇಲ್ಲವೇ ಆಧಾರ್ ಒಟಿಪಿ. ಅಂದರೆ ಆ ಸಿಮ್ ಯಾರ ಕೈಯಲ್ಲಿದೆಯೋ ಅವರು ಅತ್ತೆಯ ಖಾತೆಯ ಬಾಗಿಲ ಮುಂದೆ ನಿಂತಿದ್ದಾರೆ. ಇಂದು ಅದು ನಿಮ್ಮ ಮಾಡದಲ್ಲಿದೆ. ರೀಚಾರ್ಜ್ ಮರೆತು ನಂಬರು ಬಂದ್ ಆದರೆ? ಬಂದ್ ಆದ ನಂಬರನ್ನು ಕಂಪನಿಗಳು 90 ದಿನ ಕಾಯ್ದು ಬೇರೆಯವರಿಗೆ ಕೊಡುತ್ತವೆ. ಆಗ ಐದು ಆಧಾರ್‌ಗಳ ಒಟಿಪಿ, ಗ್ಯಾಸಿನ ಕೋಡು, ವ್ಯಾಪಾರಿಗಳ ಮಾತು ಎಲ್ಲ ಯಾವುದೋ ಊರಿನ ಯಾರದೋ ಜೇಬಿಗೆ ಹೋಗುತ್ತದೆ. ಇಂಥ ಎರಡು ಪ್ರಕರಣ ನಾನೇ ನೋಡಿದ್ದೇನೆ. ನಂಬರು ಪಡೆದವರು ಸಜ್ಜನರಿದ್ದರು, ಅವರೇ ಫೋನ್ ಮಾಡಿ ತಿಳಿಸಿದರು. ಅದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಮಾಡಬೇಕಾದ್ದು ಕ್ರಮವಾಗಿ. ಅತ್ತೆಯ ಹೆಸರಿನಲ್ಲೇ ಒಂದು ಸಿಮ್ ತನ್ನಿ, ಬಟನ್ ಫೋನಾದರೂ ನಡೆಯುತ್ತದೆ. ಅವರ ಆಧಾರ್‌ಗೆ ಆ ನಂಬರ್ ಹಾಕಿಸಿ. ಅವರನ್ನೇ ಆಧಾರ್ ಕೇಂದ್ರಕ್ಕೆ ಕರೆದೊಯ್ದರೆ ಬೆರಳಚ್ಚಿನ ಮೇಲೆ ಆಗುತ್ತದೆ, ಹಳೆಯ ನಂಬರಿನ ಒಟಿಪಿ ಬೇಕಿಲ್ಲ. ನೇಯ್ಗೆಯ ಮನೆಗಳಲ್ಲಿ ಬೆರಳಿನ ಗೆರೆ ಸವೆದು ಯಂತ್ರ ಒಪ್ಪದಿದ್ದರೆ ಕಣ್ಣಿನ ಪಾಪೆಯಿಂದ ಮಾಡಿ ಎಂದು ಕೇಳಿ. ಆಮೇಲೆ ಬ್ಯಾಂಕಿನಲ್ಲಿ ಬೇರೆ ಅರ್ಜಿ. ಉಳಿದ ನಾಲ್ವರದೂ ಹೀಗೇ, ಅವಸರವಿಲ್ಲ, ವಾರಕ್ಕೊಬ್ಬರು. ಎಲ್ಲ ಮುಗಿದ ಮೇಲೆ ಮಾವನ ಸಿಮ್ ಅನ್ನು ವ್ಯಾಪಾರ ನೋಡಿಕೊಳ್ಳುವವರ ಹೆಸರಿಗೆ ಬದಲಿಸಿ. ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಂಡು ಕಂಪನಿಯ ಸ್ವಂತ ಮಳಿಗೆಗೇ ಹೋಗಿ. ಓಣಿಯ ರೀಚಾರ್ಜ್ ಅಂಗಡಿಯಲ್ಲಿ ಇದು ಆಗುವುದಿಲ್ಲ. ನಂಬರು ಅದೇ ಉಳಿಯುತ್ತದೆ, ಇಪ್ಪತ್ತು ವರ್ಷದ ಗಿರಾಕಿಗಳೂ ಉಳಿಯುತ್ತಾರೆ.

ಈಗ ಕಹಿಯಾದ ಮಾತು. ಮಾವನ ಖಾತೆಯಿಂದ ಯುಪಿಐ ಮಾಡುವುದನ್ನು ಇಂದೇ ನಿಲ್ಲಿಸಿ. ಪಿನ್ ಗೊತ್ತಿದೆ, ನಮ್ಮದೇ ಮನೆಯ ರೊಕ್ಕ, ಕಳ್ಳತನವೇನಲ್ಲ ಎಂದು ನಿಮಗೆ ಅನ್ನಿಸುವುದು ಸಹಜ. ಆದರೆ ಖಾತೆದಾರ ತೀರಿಕೊಂಡ ಗಳಿಗೆಯಿಂದ ಆ ಖಾತೆ ನಡೆಸುವ ಹಕ್ಕು ಯಾರಿಗೂ ಇಲ್ಲ. ಬದುಕಿದ್ದಾಗ ಬರೆದುಕೊಟ್ಟ ಮುಖ್ತಿಯಾರ ಪತ್ರವೂ ಸಾವಿನೊಂದಿಗೆ ಮುಗಿಯುತ್ತದೆ. ಆ ರೊಕ್ಕದಲ್ಲಿ ಅತ್ತೆಗೆ, ಮೂವರು ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿದ್ದರೆ ಅವರಿಗೂ ಪಾಲಿದೆ. ಇಂದು ಎಲ್ಲರೂ ಚೆನ್ನಾಗಿದ್ದೀರಿ. ಐದು ವರ್ಷದ ನಂತರ ಯಾರೋ ಒಬ್ಬರು ಸ್ಟೇಟ್‌ಮೆಂಟ್ ತೆಗೆಸಿ, ತೀರಿಕೊಂಡ ಮೇಲೆ ಇಷ್ಟು ಹೋಗಿದೆ, ಯಾರು ತೆಗೆದರು ಎಂದು ಕೇಳಿದ್ದನ್ನೂ, ಆ ಒಂದು ಹಾಳೆಯಿಂದ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನೂ ನಾನು ಬ್ಯಾಂಕಿನ ಮೇಜಿನ ಆಚೆ ಕೂತು ಕಂಡಿದ್ದೇನೆ. ಇದುವರೆಗೆ ಹೋದದ್ದರ ಲೆಕ್ಕ ಒಂದು ವಹಿಯಲ್ಲಿ ಬರೆದು ಮೂವರೂ ಅಣ್ಣತಮ್ಮಂದಿರಿಗೆ ತೋರಿಸಿ. ನಂತರ ಬ್ಯಾಂಕಿಗೆ ಹೋಗಿ ತಿಳಿಸಿ.

ನಾಮಿನಿ ಇದ್ದರೆ ಕೆಲಸ ಸಲೀಸು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ, ಕಾಗದಪತ್ರ ಪೂರ್ತಿ ಕೊಟ್ಟ 15 ದಿನದೊಳಗೆ ಬ್ಯಾಂಕು ಖಾತೆಯ ಹಣದ ಬೇಡಿಕೆ ಇತ್ಯರ್ಥ ಮಾಡಬೇಕು. ನಾಮಿನಿ ಆ ರೊಕ್ಕದ ಒಡೆಯನಲ್ಲ, ವಾರಸುದಾರರ ಪರವಾಗಿ ಪಡೆಯುವವನು, ಅಷ್ಟೇ. ನಮ್ಮ ಭಾಗದಲ್ಲಿ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳಲ್ಲೂ ಠೇವಣಿ ಇರುತ್ತವೆ. ಅವು ಬ್ಯಾಂಕುಗಳಲ್ಲ, ರಿಸರ್ವ್ ಬ್ಯಾಂಕಿನ ಈ 15 ದಿನದ ನಿಯಮ ಅವಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಬೇರೆಯಾಗಿ ವಿಚಾರಿಸಿ, ರಸೀದಿಗಳನ್ನು ಹುಡುಕಿಡಿ.

ಹಾಗಾದರೆ ಮನೆಯ ರೊಕ್ಕ ಮನೆಮಂದಿ ಬಳಸುವುದು ಹೇಗೆ? ಪಾಸ್‌ಬುಕ್ಕಿನ ಕಾಲದ ಬ್ಯಾಂಕುಗಳಿಗೆ ಇದು ಗೊತ್ತಿತ್ತು. ‘ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು’ ಎಂಬ ಜಂಟಿ ಖಾತೆ ಹಳೆಯ ವ್ಯವಸ್ಥೆ, ಇಂದಿಗೂ ಒಳ್ಳೆಯದು. ಅತ್ತೆ ಮತ್ತು ಭಾವ, ಅಥವಾ ಅತ್ತೆ ಮತ್ತು ನಿಮ್ಮ ಯಜಮಾನರ ಹೆಸರಿನಲ್ಲಿ ಮಾಡಿಸಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಮಂದಿಯವರೆಗೆ ನಾಮಿನಿ ಹಾಕಬಹುದು, ಅದನ್ನೂ ಅಲ್ಲೇ ಮುಗಿಸಿ.

ಫೋನಿನ ಕಾಲಕ್ಕೆ ಇದೇ ಬುದ್ಧಿ ತಡವಾಗಿ ಬಂತು. 2016ರಲ್ಲಿ ಶುರುವಾದ ಯುಪಿಐಗೆ ಎಂಟು ವರ್ಷ ‘ಮನೆಮಂದಿ’ ಎಂಬ ಕಲ್ಪನೆಯೇ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಯುಪಿಐ ಸರ್ಕಲ್ ಬಂತು. ಖಾತೆದಾರ ತನ್ನ ಖಾತೆಯಿಂದ ಖರ್ಚು ಮಾಡಲು 5 ಮಂದಿಯವರೆಗೆ ಸೇರಿಸಿಕೊಳ್ಳಬಹುದು. ಒಂದು ಬಗೆಯಲ್ಲಿ ಮಿತಿ ಕಟ್ಟಿ ಬಿಟ್ಟುಬಿಡುವುದು: ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000 ರೂಪಾಯಿ. ಇನ್ನೊಂದು ಬಗೆಯಲ್ಲಿ ಅವರು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದಾಗ ಖಾತೆದಾರನ ಫೋನಿಗೆ ಕೇಳಿಕೆ ಬರುತ್ತದೆ, ಅವನು ತನ್ನ ಪಿನ್ ಒತ್ತಿದರೆ ಮಾತ್ರ ರೊಕ್ಕ ಹೋಗುತ್ತದೆ. ಎರಡರಲ್ಲೂ ಪಿನ್ ಯಾರಿಗೂ ಹೇಳಬೇಕಿಲ್ಲ. ಒಬ್ಬರು ಒಂದೇ ಖಾತೆದಾರನ ಸರ್ಕಲ್‌ನಲ್ಲಿರಬಹುದು, ಇಬ್ಬರ ಕೈಕೆಳಗೆ ಬರುವುದಿಲ್ಲ. ಭೀಮ್ ಆ್ಯಪ್‌ನಲ್ಲಿ ಇದೆ. ನಿಮ್ಮ ಯಜಮಾನರು ಖಾತೆದಾರರಾಗಿ, ನೀವು ಮತ್ತು ನೆಗೆಣ್ಣಿ ಮಿತಿ ಕಟ್ಟಿದ ಬಗೆಯಲ್ಲಿ ಸೇರಿದರೆ ಸಂತೆಯ ಖರ್ಚಿಗೆ ಧಾರಾಳ. ಎರಡನೆಯ ಬಗೆಯಲ್ಲಿ ಒಂದು ಕಿರಿಕಿರಿ ಇದೆ: ಅವರು ಮಗ್ಗದ ಸದ್ದಿನಲ್ಲಿದ್ದು ಫೋನು ಕೇಳಿಸದಿದ್ದರೆ ನೀವು ಕಾಯಿಪಲ್ಲೆ ಹಿಡಿದು ನಿಂತೇ ಇರಬೇಕು. ಸರ್ಕಲ್‌ಗೆ ಸೇರಿಸಿಕೊಂಡವರು ಮಾಡಿದ ಖರ್ಚೆಲ್ಲ ಖಾತೆದಾರನ ಹೊಣೆ, ಅದೂ ತಿಳಿದಿರಲಿ.

ಪಿನ್ ಹಂಚಿಕೊಂಡರೆ ಏನು ಮಹಾ ಎಂದು ಕೇಳುವವರಿಗೆ ನಾನು ತೋರಿಸುವುದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ರೊಕ್ಕ ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಪಿನ್ ಅಥವಾ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಇಡೀ ನಷ್ಟ ನಿಮ್ಮದೇ. ಆ ‘ಇನ್ನೊಬ್ಬರು’ ಹೆಂಡತಿಯೋ ಮಗನೋ ಎಂದು ನಿಯಮ ನೋಡುವುದಿಲ್ಲ. ಮೋಸವಾದದ್ದು ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂಬುದನ್ನು ಮಕ್ಕಳಿಗೂ ಕಲಿಸಿಡಿ.

ಪಿನ್ನಿಗಿಂತ ಕಣ್ಣಿಗೆ ಬೀಳದ ಕಿಂಡಿ ಬೆರಳಚ್ಚು. ಫೋನಿನಲ್ಲಿ ಅಪ್ಪನ ಬೆರಳು, ಮಗನ ಬೆರಳು ಎಂಬ ಭೇದವಿಲ್ಲ. ಗೇಮ್ ಆಡಲೆಂದು ಮಗನ ಬೆರಳು ಸೇರಿಸಿದ್ದರೆ, ಬೆರಳಿನಿಂದ ತೆರೆಯುವ ಬ್ಯಾಂಕ್ ಆ್ಯಪ್ ಅವನಿಗೂ ತೆರೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಬೆರಳುಗಳಿವೆ ನೋಡಿ, ನಿಮ್ಮವಲ್ಲದ್ದನ್ನು ತೆಗೆದುಬಿಡಿ. ಮಕ್ಕಳಿಗೆ ಹೆಚ್ಚೇನೂ ಬೇಡ: 12 ಮತ್ತು 9ರ ಇಬ್ಬರಿಗೆ ಫ್ಯಾಮಿಲಿ ಲಿಂಕ್ ಮೂಲಕ ಪಾಲಕರ ಕೈಕೆಳಗಿನ ಖಾತೆ, 15ರವನಿಗೆ ಸ್ವಂತದ್ದು, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್.

ಪುಣೆಯ ಮೈದುನನ ಸಿನಿಮಾ. ಯಾವ ಆ್ಯಪ್ ಎಂದು ನೀವು ಬರೆದಿಲ್ಲ, ಆದರೂ ನೀತಿ ಈಗ ಹೆಚ್ಚುಕಡಿಮೆ ಒಂದೇ ದಾರಿ ಹಿಡಿದಿದೆ. ನೆಟ್‌ಫ್ಲಿಕ್ಸ್ 2017ರಲ್ಲಿ ‘ಪ್ರೀತಿ ಎಂದರೆ ಪಾಸ್‌ವರ್ಡ್ ಹಂಚಿಕೊಳ್ಳುವುದು’ ಎಂಬ ಅರ್ಥದ ಟ್ವೀಟ್ ಹಾಕಿತ್ತು. 2023ರ ಜುಲೈನಲ್ಲಿ ಭಾರತದ ಚಂದಾದಾರರಿಗೆ, ಖಾತೆ ಒಂದು ಮನೆಯವರಿಗೆ ಮಾತ್ರ ಎಂದು ಮೇಲ್ ಬಂತು. ಪ್ರೀತಿ ಆರು ವರ್ಷಕ್ಕೆ ಮುಗಿಯಿತು. ಇಲ್ಲಿ ಉಪಾಯ ಹುಡುಕಬೇಡಿ. ಯಾರೋ ಕೊಟ್ಟ ‘ಮೋಡ್’ ಆ್ಯಪ್, ಅಂದರೆ ಮೂಲವನ್ನು ತಿದ್ದಿದ ಆ್ಯಪ್, ಹಾಕಿಕೊಂಡರೆ ಫೋನಿನೊಳಗೆ ಕಳ್ಳನನ್ನು ಬಿಟ್ಟುಕೊಂಡಂತೆ. ಮೈದುನ ಮೊಬೈಲ್‌ಗೆ ಮಾತ್ರ ಇರುವ ಅಗ್ಗದ ಪ್ಲಾನ್ ತೆಗೆದುಕೊಳ್ಳಲಿ. ಮನೆಯ ಟಿವಿಯನ್ನು ಒಂದು ದಿನ ವೈಫೈಗೆ, ಒಂದು ದಿನ ಯಾರದೋ ಹಾಟ್‌ಸ್ಪಾಟ್‌ಗೆ ಹಚ್ಚುತ್ತಿದ್ದರೆ ನಿಮ್ಮನ್ನೂ ‘ಈ ಮನೆಯವರಲ್ಲ’ ಅನ್ನಬಹುದು, ಬೇಸರ ಮಾಡಿಕೊಳ್ಳಬೇಡಿ. ಟಿವಿಗೆಂದೇ ಬೇರೆ ಒಂದು ಗೂಗಲ್ ಖಾತೆ ಹಾಕಿ, ಯಾರ ಸ್ವಂತದ್ದೂ ಬೇಡ. ವಿಜಯಪುರದ ಆ ಮನೆಯಲ್ಲಿ ಕೊನೆಗೆ ನಾನು ಮಾಡಿಕೊಟ್ಟದ್ದು ಅದನ್ನೇ.

ಇದನ್ನೆಲ್ಲ ಮಾಡಿದ ಮೇಲೆ ನೀವು ದಂಪತಿ ಇನ್ನೊಂದು ಕೆಲಸ ಮಾಡಿ. ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂದಿದೆ. ನೀವು 3ರಿಂದ 18 ತಿಂಗಳವರೆಗೆ ನೀವೇ ಗೊತ್ತು ಮಾಡಿದ ಅವಧಿಯಲ್ಲಿ ಖಾತೆ ಬಳಸದಿದ್ದರೆ, ನೀವು ಹೆಸರಿಸಿದವರಿಗೆ ಅದರಲ್ಲಿರುವುದು ಸಿಗುತ್ತದೆ. ಐಫೋನ್ ಇರುವವರಿಗೆ ಇದೇ ಬಗೆಯ ‘ಲೆಗಸಿ ಕಾಂಟ್ಯಾಕ್ಟ್’ ಎಂದಿದೆ. ಸಾವಿನ ಮಾತು ಎಂದು ಹಿಂದೆ ಸರಿಯಬೇಡಿ. ನಿಮ್ಮ ಮಾವ ಐದು ನಿಮಿಷ ಇದಕ್ಕೆ ಕೊಟ್ಟಿದ್ದರೆ ನೀವು ನನಗೆ ಇಷ್ಟು ಉದ್ದ ಬರೆಯಬೇಕಿರಲಿಲ್ಲ. ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಅದೂ ನಿಜ.

ಕೊನೆಗೆ ಅತ್ತೆಯ ವಾಯ್ಸ್ ಮೆಸೇಜು. ವಾಟ್ಸಾಪ್ ಮಾತುಗಳು ಕಂಪನಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಮಾವನ ಆ ಫೋನಿನೊಳಗೇ ಇವೆ. ಆ ಫೋನು ಬಿದ್ದು ಒಡೆದರೆ, ಅಥವಾ ಯಾರಾದರೂ ಆ ನಂಬರಿನ ವಾಟ್ಸಾಪನ್ನು ಬೇರೆ ಫೋನಿನಲ್ಲಿ ಹೊಸದಾಗಿ ಶುರು ಮಾಡಿದರೆ, ಕೈತಪ್ಪಬಹುದು. ಮೈದುನನೊಂದಿಗಿನ ಚಾಟ್ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮೀಡಿಯಾ ಸಹಿತ ಎಂಬುದನ್ನು ಆರಿಸಿ ನಿಮ್ಮ ಹೊಸ ಮೇಲ್‌ಗೆ ಕಳಿಸಿಕೊಳ್ಳಿ. ಬಹಳ ಇದ್ದರೆ ಎಲ್ಲವೂ ಒಮ್ಮೆಗೆ ಬರುವುದಿಲ್ಲ, ಆದ್ದರಿಂದ ಫೋನನ್ನು ಕಂಪ್ಯೂಟರಿಗೆ ಹಚ್ಚಿ ವಾಟ್ಸಾಪ್ ಮೀಡಿಯಾ ಫೋಲ್ಡರಿನ ಒಳಗಿನ ‘ವಾಯ್ಸ್ ನೋಟ್ಸ್’ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ಎರಡು ಪೆನ್‌ಡ್ರೈವ್‌ಗೆ. ಒಂದು ಪುಣೆಗೆ ಹೋಗಲಿ. ಮೈದುನನ ಫೋನಿನಲ್ಲೂ ಅವೇ ಮೆಸೇಜುಗಳಿರುತ್ತವೆ, ಅವನೂ ಅಳಿಸದಿರಲಿ. ನಕಲು ಮಾಡಿದ ಮೇಲೆ ಬೇರೆ ಫೋನಿನಲ್ಲಿ ಒಂದೆರಡನ್ನು ಹಾಕಿ, ದನಿ ಕೇಳಿಸಿತೇ ನೋಡಿ. ಕೇಳಿಸಿದ ಮೇಲೆಯೇ ಸಿಮ್ ಬದಲಿಸಲು ಹೊರಡಿ.